ರಾಗಿ ಬೀಜವೋ, ಭೂಮಿಯ ಹಕ್ಕೋ?

ರೈತನ ಬಾಳನ್ನು ಹೆಚ್ಚು ಬದಲಿಸುವುದು ರಾಜಕೀಯವೋ, ತಾಂತ್ರಿಕತೆಯೋ? ರಾಗಿ ಹೊಲದಲ್ಲೇ ಉತ್ತರ ಹುಡುಕೋಣ.

ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದರು. ರಾಗಿಯ ಹೂ ಬಲು ಚಿಕ್ಕದು, ತನ್ನ ಪರಾಗದಿಂದಲೇ ಕಾಳು ಕಟ್ಟುವಂಥದು. ಈ ಕೂಡಿಕೆ ಸುಲಭದ ಕೆಲಸವಲ್ಲ. 1970ರ ದಶಕದಿಂದ ಇವು ಹಳ್ಳಿಗಳಿಗೆ ಹಬ್ಬಿ ಇಳುವರಿ ಹೆಚ್ಚಿತು.

ಆದರೆ ಹೆಚ್ಚಿದ ರಾಗಿ ಯಾರ ಕಣಜಕ್ಕೆ? ವಾರಕ್ಕೆ ಉಳುವವನ ಲೆಕ್ಕ ನೋಡಿ. ಗೊಬ್ಬರ ಹಾಕಿ ಎರಡು ಚೀಲ ಹೆಚ್ಚು ಬೆಳೆದರೆ ಒಂದು ಚೀಲ ಒಡೆಯನದು. ಗೊಬ್ಬರದ ಸಾಲ ಮಾತ್ರ ಪೂರಾ ಇವನದೇ. ಇನ್ನು ಬದು ಹಾಕುವುದು, ಬಾವಿ ತೋಡುವುದು ದೂರದ ಮಾತು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. 7ನೇ ನಮೂನೆಯಲ್ಲಿ ಅರ್ಜಿ ಹಾಕಿ ನ್ಯಾಯಮಂಡಳಿಯಲ್ಲಿ ಗೆದ್ದ ಗೇಣಿದಾರನಿಗೆ ಹಕ್ಕು ದೊರೆಯಿತು. (ಅರ್ಜಿ ಹಾಕದವರೂ ಕೂಲಿಯವರೂ ಹೊರಗುಳಿದರೆಂಬುದನ್ನೂ ಹೇಳಬೇಕು.)

ನಮ್ಮ ತೂಕ ಹಕ್ಕಿನ ಕಡೆಗೆ. ರಾಗಿ ಬೀಜವನ್ನು ನೆರೆಯವರಿಂದ ಸೇರಿನಲ್ಲಿ ಅಳೆದು ತರಬಹುದು. ಹಕ್ಕನ್ನು ಹಾಗೆ ತರಲಾಗದು. ಇಂದಿಗೂ ಪಹಣಿಯಲ್ಲಿ ತೀರಿಹೋದ ತಂದೆಯ ಹೆಸರೇ ಇದ್ದರೆ ಬೆಳೆಸಾಲಕ್ಕೆ ತೊಡಕು. ಅಂಥವರು ಬಿತ್ತನೆಗೆ ಮೊದಲೇ ಪೌತಿ ಖಾತೆಗೆ ಅರ್ಜಿ ಕೊಡುವುದು ಒಳ್ಳೆಯದು.