ಪುಲಿನ: ಹೊಳೆಯ ಮರಳುದಿಣ್ಣೆ

ಅಮರಕೋಶವು ನದೀತೀರಗಳನ್ನು ಹೆಸರಿಸುವಾಗ ಎರಡು ಪದಗಳನ್ನು ಬೇರೆಬೇರೆಯಾಗಿ ಹೇಳಿದೆ. ನೀರಿನಿಂದ ಮೇಲೆದ್ದ ನೆಲವು ಪುಲಿನ; ಮಳಲಿನಿಂದ ಕೂಡಿದ ದಡವು ಸೈಕತ. ಕಾವ್ಯಗಳಲ್ಲಿ ಹಂಸಗಳ ವಿಹಾರಸ್ಥಾನವಾಗಿ ಬರುವ ಈ ಪುಲಿನವೇ ಆಡುಮಾತಿನ ಮರಳುದಿಣ್ಣೆ. ಕರಾವಳಿಯಲ್ಲಿ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ನೆಲಕ್ಕೆ ಬೆಂಗ್ರೆ ಎಂಬ ಹೆಸರುಂಟು. ಸುವರ್ಣಾ ಮತ್ತು ಸೀತಾ ನದಿಗಳು ಕೂಡಿ ಸಮುದ್ರವನ್ನು ಸೇರುವೆಡೆಯ ಕೋಡಿಬೆಂಗ್ರೆ ಇದಕ್ಕೆ ನಿದರ್ಶನ.

ಮರಳುದಿಣ್ಣೆಯ ಉತ್ಪತ್ತಿಗೆ ಕಾರಣವು ಸರಳವಾದುದು. ಮಳೆಗಾಲದಲ್ಲಿ ಹೊಳೆಯು ಬೆಟ್ಟದ ಕಲ್ಲನ್ನು ಸವೆಸಿ ತಂದ ಮರಳನ್ನು ವೇಗದ ಬಲದಿಂದ ಹೊತ್ತು ಸಾಗುತ್ತದೆ. ಎಲ್ಲಿ ವೇಗವು ಕುಂದುವುದೋ ಅಲ್ಲಿ ಹೊರೆಯನ್ನು ಇಳಿಸುತ್ತದೆ. ಹೊಳೆಯ ತಿರುವಿನಲ್ಲಿ ಹೊರದಂಡೆಯ ನೀರು ರಭಸದಿಂದ ಹರಿದು ದಡವನ್ನು ಕೊರೆದರೆ, ಒಳದಂಡೆಯ ನೀರು ಮೆಲ್ಲಗೆ ಹರಿದು ಮರಳನ್ನು ಕೂಡಿಹಾಕುವುದು. ಅಳಿವೆಯಲ್ಲಿ ನದಿಯ ಪ್ರವಾಹವನ್ನು ಕಡಲ ಅಲೆಗಳು ಎದುರಿಸುವುದರಿಂದ ಅಲ್ಲಿಯೂ ದಿಣ್ಣೆ ಏಳುತ್ತದೆ. ಅದು ಅಲೆಯ ಹೊಡೆತವನ್ನು ತಗ್ಗಿಸಿ ದಡವನ್ನು ಕಾಯುತ್ತದೆ. ಇವು ಸ್ಥಿರವಾದವುಗಳಲ್ಲ, ಒಂದು ವರ್ಷ ಇದ್ದ ದಿಣ್ಣೆ ಮರುವರ್ಷ ಬೇರೆಡೆಗೆ ಸರಿದಿರಬಹುದು.

ಮರಳಿನ ಕಣಗಳ ನಡುವಣ ತೆರಪುಗಳಲ್ಲಿ ನೀರು ಸಂಗ್ರಹವಾಗಿರುತ್ತದೆ. ಬೇಸಗೆಯಲ್ಲಿ ಬತ್ತಿದ ಹೊಳೆಯ ಮರಳನ್ನು ತೋಡಿ, ಒರತೆಯ ತಿಳಿನೀರನ್ನು ಕೊಡಕ್ಕೆ ತುಂಬಿಕೊಳ್ಳುವ ಪದ್ಧತಿಯು ನಮ್ಮ ಗ್ರಾಮಗಳಿಗೆ ಹೊಸದಲ್ಲ. ದಡದ ಬಾವಿಗಳ ನೀರಿಗೂ ಈ ಮರಳೇ ಆಧಾರ.

ನೋಡುವವರಿಗೆ ಬರಿದಾಗಿ ತೋರುವ ದಿಣ್ಣೆಯು ಅನೇಕ ಜೀವಿಗಳ ಹೆರಿಗೆಮನೆಯೂ ಹೌದು. ರೀವ ಹಕ್ಕಿಯು ಬೇಸಗೆಯಲ್ಲಿ ಮರಳಿನ ಮೇಲೆ ಸಣ್ಣ ಕುಳಿಯನ್ನು ಮಾಡಿ, ಹುಲ್ಲುಕಡ್ಡಿಯ ಗೂಡೂ ಇಲ್ಲದೆ ಮೊಟ್ಟೆಯಿಡುತ್ತದೆ. ಮೊಟ್ಟೆಯ ಬಣ್ಣವು ಮರಳಿನ ಬಣ್ಣದೊಡನೆ ಬೆರೆತಿರುವುದೇ ಅದಕ್ಕೆ ರಕ್ಷೆ. ಮೊಸಳೆಯು ಮರಳನ್ನು ಅಗೆದು ಮೊಟ್ಟೆಗಳನ್ನು ಹೂಳುತ್ತದೆ. ಹೂತಿಟ್ಟ ತಾಣದ ಶಾಖವೇ ಮರಿಯು ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಪ್ರಕೃತಿಯ ವಿಸ್ಮಯ. ನೀರುನಾಯಿಗಳು ಮೈಯ ತೇವವನ್ನು ಆರಿಸಿಕೊಳ್ಳಲು ಮರಳಿನಲ್ಲಿ ಹೊರಳುವುವು. ಇವುಗಳ ರಕ್ಷಣೆಗಾಗಿ ತುಂಗಭದ್ರೆಯ 34 ಕಿಲೋಮೀಟರ್ ಉದ್ದದ ಹರಹನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು.

ಪಂಚತಂತ್ರದ ಟಿಟ್ಟಿಭ ದಂಪತಿಗಳ ಕಥೆಯು ಸರ್ವರಿಗೂ ಪರಿಚಿತ. ತೀರದಲ್ಲಿಟ್ಟ ಮೊಟ್ಟೆಗಳನ್ನು ಸಮುದ್ರವು ಅಪಹರಿಸಲು, ಆ ಪಕ್ಷಿಗಳ ಮೊರೆಗೆ ಗರುಡನೇ ಒದಗಿ ಬಂದನು. ಇಂದು ಮೊಟ್ಟೆಗಳಿಗೆ ಅಪಾಯವು ಸಮುದ್ರಕ್ಕಿಂತ ಮಿಗಿಲಾಗಿ ಮನುಷ್ಯನಿಂದ. ಹಕ್ಕಿಗಳು ಮೊಟ್ಟೆಯಿಡುವ ಕಾಲವೂ ಶಾಲೆಗಳಿಗೆ ರಜೆಯ ಕಾಲವೂ ಒಂದೇ. ತಲಕಾಡಿನ ಕಾವೇರಿಯ ಮರಳದಂಡೆಯಂತಹ ಎಡೆಗಳಿಗೆ ಜನರು ಜಲಕ್ರೀಡೆಗಾಗಿ ಹೋಗುವರು. ವಿಹಾರವು ದೋಷವಲ್ಲ. ಆದರೆ ಗೂಡಿರುವ ದಿಣ್ಣೆಯನ್ನು ತುಳಿದಾಡಿದರೆ ತಾಯಿಹಕ್ಕಿಯು ಎದ್ದುಹೋಗಿ, ಮೊಟ್ಟೆಗಳು ಬಿಸಿಲಿಗೆ ಬೆಂದುಹೋಗುವುವು. ವಿಹಾರಿಗಳಿಗೂ ಅಪಾಯವಿಲ್ಲದಿಲ್ಲ. ದಿಣ್ಣೆಯ ಅಂಚು ನೀರಿನೊಳಗೆ ಥಟ್ಟನೆ ಆಳಕ್ಕೆ ಇಳಿದಿರುತ್ತದೆ; ಮರಳು ತೆಗೆದ ಗುಂಡಿಗಳು ಮೇಲೆ ಕಾಣುವುದಿಲ್ಲ; ಅಣೆಕಟ್ಟಿನಿಂದ ನೀರು ಬಿಟ್ಟರೆ ಹೊಳೆಯು ಅನಿರೀಕ್ಷಿತವಾಗಿ ಏರುವುದು. ಈಜು ಬಲ್ಲವರಿಗೂ ಇದು ಮೃತ್ಯುವಾಗಿ ಪರಿಣಮಿಸಿದುದುಂಟು.

ಎಲ್ಲಕ್ಕಿಂತ ದೊಡ್ಡ ಹಾನಿಯು ಮರಳನ್ನು ಮಿತಿಮೀರಿ ತೆಗೆಯುವುದರಿಂದ ಆಗುತ್ತಿದೆ. ಮೇಲ್ಭಾಗದ ಅಣೆಕಟ್ಟುಗಳಲ್ಲಿ ಮರಳು ತಡೆಯಲ್ಪಡುವುದರಿಂದ ತೆಗೆದುದು ಮತ್ತೆ ಬೇಗನೆ ತುಂಬದು. ಪಾತ್ರವು ಆಳವಾಗಿ ಬಾವಿಗಳು ಬತ್ತುವುವು, ದಡವು ಕುಸಿಯುವುದು. ಐದು ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ ಮರಳು ಗಣಿಗೂ ಪರಿಸರದ ಅನುಮತಿಯು ಅವಶ್ಯವೆಂದು 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿತು. ಆದರೆ ಬೇಡಿಕೆಯು ತಗ್ಗದೆ ಆದೇಶವೊಂದೇ ಹೊಳೆಯನ್ನು ಉಳಿಸಲಾರದು.

ಆ ಬೇಡಿಕೆಯಲ್ಲಿ ವಿದ್ಯಾಸಂಸ್ಥೆಗಳ ಪಾಲೂ ಇದೆ. ಭಕ್ತರ ದಾನದಿಂದ ಏಳುವ ಪ್ರತಿಯೊಂದು ಕೊಠಡಿಯ ಗಾರೆಗೂ ಮರಳು ಬೇಕು. ಈಗ ಕಲ್ಲನ್ನು ಪುಡಿಮಾಡಿ ಸಿದ್ಧಪಡಿಸಿದ ಎಂ-ಸ್ಯಾಂಡ್ ದೊರೆಯುತ್ತಿರುವುದರಿಂದ, ಕಟ್ಟಡಕ್ಕೆ ಅದನ್ನೇ ಬಳಸಬೇಕೆಂದು ದಾನಿಗಳು ಸೂಚಿಸಬಹುದು. ಅಧ್ಯಾಪಕರು ಮಕ್ಕಳನ್ನು ಹೊಳೆಯ ದಂಡೆಗೆ ಕರೆದೊಯ್ದಾಗ, ದಿಣ್ಣೆಯನ್ನು ದೂರದಿಂದಲೇ ತೋರಿಸಿ, ಅದು ಯಾರ ಮನೆಯೆಂಬುದನ್ನು ತಿಳಿಸಬಹುದು. ಬೇಕಾದಷ್ಟನ್ನೇ ತೆಗೆದುಕೊಂಡು ಉಳಿದುದನ್ನು ಪರರಿಗೆ ಬಿಡಬೇಕೆಂಬ ಶರಣರ ಆಚಾರವನ್ನು ಹೊಳೆಯ ವಿಷಯದಲ್ಲಿಯೂ ಪಾಲಿಸಿದರೆ ಮರಳೂ ಉಳಿದೀತು, ನೀರೂ ಉಳಿದೀತು.