ಹಿಮ ಏರುವ ಎಂಜಿನ್‌ಗೆ ಉದ್ಯಮನಗರದ ಅಳತೆ

ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿ ಬೋರ್ ಹೊಡೆಯುವ ಅಂಗಡಿಗೆ ಸುಸ್ತಾದ ಎಂಜಿನ್ ಬಂದರೆ ಅದರ ಅಶ್ವಶಕ್ತಿ ಎಷ್ಟೆಂದು ಯಾರೂ ಮೊದಲು ಕೇಳುವುದಿಲ್ಲ. ಸಿಲಿಂಡರಿನೊಳಗೆ ಗೇಜ್ ಇಳಿಬಿಟ್ಟು ಮೇಲೆ, ನಡುವೆ, ಬುಡದಲ್ಲಿ ಅಳೆಯುತ್ತಾರೆ. ಪಿಸ್ಟನ್ನಿನ ಬದಿಯ ಗೀರುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಈ ಗಾಡಿ ಎಣ್ಣೆಯಿಲ್ಲದೆ ಓಡಿದ್ದೋ, ಧೂಳು ನುಂಗಿದ್ದೋ, ಬಿಸಿಯಾಗುವ ಮುಂಚೆಯೇ ಜೋರಾಗಿ ಎಳೆಸಿಕೊಂಡದ್ದೋ ಎಂಬುದನ್ನು ಆ ಗೀರುಗಳೇ ಹೇಳುತ್ತವೆ. ಶಕ್ತಿಯ ಮಾತು ಅದಾದ ಮೇಲೆ. ಹಿಮದ ಮೇಲೆ ಓಡಿಸಲು ಡರ್ಟ್ ಬೈಕಿನ ಎಂಜಿನ್ ಆರಿಸಲು ಹೊರಟವರು ಇದೇ ಕ್ರಮ ಹಿಡಿಯಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸ್ನೋ ಬೈಕ್ ಅಂದರೆ ಮೂಲದಲ್ಲಿ ಮೋಟೊಕ್ರಾಸ್ ಅಥವಾ ಎಂಡ್ಯೂರೊ ಬೈಕೇ. ಮುಂದಿನ ಚಕ್ರ ಬಿಚ್ಚಿ ಅಲ್ಲಿ ಅಗಲವಾದ ಒಂದು ಸ್ಕೀ ಜೋಡಿಸುತ್ತಾರೆ. ಹಿಂದಿನ ಚಕ್ರವನ್ನೂ ಸ್ವಿಂಗ್ ಆರ್ಮನ್ನೂ ತೆಗೆದು ರಬ್ಬರಿನ ಟ್ರ್ಯಾಕ್ ಕೂರಿಸುತ್ತಾರೆ. ಟ್ರ್ಯಾಕಿನ ಉದ್ದ ಸಾಮಾನ್ಯವಾಗಿ 120ರಿಂದ 137 ಅಂಗುಲ. ಈ ಕಿಟ್‌ಗೆ ಹೆಸರು ತಂದುಕೊಟ್ಟದ್ದು ಅಮೆರಿಕದ ಐಡಹೊ ರಾಜ್ಯದ ಟಿಂಬರ್‌ಸ್ಲೆಡ್ ಕಂಪನಿ. 2015ರಲ್ಲಿ ಪೊಲಾರಿಸ್ ಅದನ್ನು ಕೊಂಡುಕೊಂಡಿತು. 2017ರಲ್ಲಿ ಆಸ್ಪೆನ್‌ನ ಎಕ್ಸ್ ಗೇಮ್ಸ್‌ನಲ್ಲಿ ಈ ಗಾಡಿಗಳ ಪಂದ್ಯವೂ ನಡೆಯಿತು. ನಮ್ಮ ಗುಲ್ಮಾರ್ಗ್, ಸೋಲಾಂಗ್ ಕಣಿವೆಗಳಲ್ಲಿ ಪ್ರವಾಸಿಗರು ಹತ್ತಿ ಸುತ್ತುವ ಸ್ನೋ ಸ್ಕೂಟರ್ ಬೇರೆ ಜಾತಿಯದು. ಅದರ ಎಂಜಿನ್ ಹಿಮಕ್ಕೆಂದೇ ಹುಟ್ಟಿದ್ದು. ಸ್ನೋ ಬೈಕಿನ ಎಂಜಿನ್ ಹುಟ್ಟಿದ್ದು ಮಣ್ಣಿಗೆ. ಅದನ್ನು ಹಿಮಕ್ಕೆ ಒಗ್ಗಿಸಬೇಕು, ತೊಡಕು ಇರುವುದೇ ಅಲ್ಲಿ.

ಗಡಹಿಂಗ್ಲಜದಲ್ಲೋ ಇಚಲಕರಂಜಿಯಲ್ಲೋ ಈ ವಿಷಯ ಯಾರಿಗೆ ಬೇಕು ಎನ್ನಬೇಡಿ. ಮರಾಠಾ ಲಘು ಪದಾತಿದಳದ ಕೇಂದ್ರ ಬೆಳಗಾವಿಯಲ್ಲಿದೆ. ಗಡಿಯ ಈಚೆಗೂ ಆಚೆಗೂ ಎಷ್ಟೋ ಮನೆಗಳ ಹುಡುಗರು ಲಡಾಖಿನ ಹಿಮದಲ್ಲಿ ಕಾವಲು ನಿಂತು ಬಂದಿದ್ದಾರೆ. ರಜೆಗೆ ಬಂದವರು ಹೇಳುವ ಚಳಿಯ ಕಥೆಗಳಲ್ಲಿ ಸ್ಟಾರ್ಟ್ ಆಗದ ಗಾಡಿಯ ಕಥೆ ಇದ್ದೇ ಇರುತ್ತದೆ. ಊರಲ್ಲಿ ಗಾಡಿ ಕೆಟ್ಟರೆ ತಳ್ಳಿಕೊಂಡು ಗ್ಯಾರೇಜಿಗೆ ಹೋಗಬಹುದು. ಎದೆಮಟ್ಟದ ಹಿಮದಲ್ಲಿ, ಕತ್ತಲಾಗುವ ಹೊತ್ತಿಗೆ ಎಂಜಿನ್ ನಿಂತರೆ ಸವಾರನ ಜೀವವೇ ಅಪಾಯಕ್ಕೆ ಸಿಲುಕುತ್ತದೆ. ಅದಕ್ಕೇ ಈ ಆಯ್ಕೆಯಲ್ಲಿ ನಂಬಿಕೆಗೆ ಮೊದಲ ಮಣೆ, ವೇಗಕ್ಕೆ ಎರಡನೆಯದು.

ಮೊದಲು ಎಂಜಿನ್ ಮೇಲೆ ಬೀಳುವ ಭಾರ ನೋಡೋಣ. ಡಾಂಬರಿನ ಮೇಲೆ ಥ್ರಾಟಲ್ ಬಿಟ್ಟರೆ ಬೈಕ್ ತನ್ನ ಪಾಡಿಗೆ ಉರುಳುತ್ತದೆ, ಎಂಜಿನ್ ಉಸಿರು ಬಿಡುತ್ತದೆ. ಪುಡಿಹಿಮದಲ್ಲಿ ಹಾಗಿಲ್ಲ. ಶಿರೋಳ, ಹಾತಕಣಂಗಲೆ ಕಡೆಯ ಎರೆಹೊಲದಲ್ಲಿ ಮೃಗಶಿರ ಮಳೆ ಬಿದ್ದ ಮರುದಿನ ಬೈಕ್ ಇಳಿಸಿದವರಿಗೆ ಇದು ತಿಳಿದೀತು: ಬಿಟ್ಟ ಕ್ಷಣ ಗಾಡಿ ನಿಂತುಬಿಡುತ್ತದೆ. ಹಿಮದಲ್ಲಿ ಗಂಟೆಗಟ್ಟಲೆ ಇದೇ ಎಳೆತ. ಟ್ರ್ಯಾಕ್ ತಿರುಗಿಸಲೇ ಶಕ್ತಿಯ ಒಂದು ಪಾಲು ಹೋಗುತ್ತದೆ, ಹಿಮವನ್ನು ತುಳಿದು ಹಿಂದಕ್ಕೆ ಎಸೆಯಲು ಇನ್ನೊಂದು ಪಾಲು. ಉಳಿದದ್ದರಲ್ಲಿ ಗುಡ್ಡ ಹತ್ತಬೇಕು.

ಇದರ ಮೇಲೆ ಎತ್ತರದ ಲೆಕ್ಕ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರ್ ಏರಿಕೆಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬ ಹಳೆಯ ಸೂತ್ರ ಎಲ್ಲರ ಬಾಯಲ್ಲಿದೆ. ಅದು ಅರ್ಧ ಮಾತ್ರ. ಚಳಿ ಗಾಳಿ ದಟ್ಟವಾಗಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದ ಕೊಲ್ಹಾಪುರದಲ್ಲಿ ಮೇ ತಿಂಗಳ 35 ಡಿಗ್ರಿ ಬಿಸಿಲಿನ ಗಾಳಿಯನ್ನು, 2,500 ಮೀಟರಿನ ಸೋಲಾಂಗ್‌ನಲ್ಲಿ ಶೂನ್ಯಕ್ಕಿಂತ 5 ಡಿಗ್ರಿ ಕೆಳಗಿನ ಗಾಳಿಯೊಂದಿಗೆ ಹೋಲಿಸಿ ನೋಡಿ. ಸಾಂದ್ರತೆ ಕಡಿಮೆಯಾಗುವುದು ಹತ್ತನೇ ಒಂದು ಪಾಲು ಮಾತ್ರ. 3,978 ಮೀಟರಿನ ರೋಹ್ತಾಂಗ್‌ನಲ್ಲಿ ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿದ್ದಾಗ ನಷ್ಟ ಹತ್ತಿರ ಹತ್ತಿರ ಕಾಲು ಭಾಗ. ಎಂಜಿನ್ನಿನ ಗಾತ್ರ ನಿರ್ಧರಿಸಲು ಈ ಎರಡು ಅಂಕಿ ಸಾಕು. ಕಾಲು ಭಾಗ ಕಳೆದುಕೊಂಡ ಮೇಲೂ ಟ್ರ್ಯಾಕನ್ನು ಸಲೀಸಾಗಿ ತಿರುಗಿಸುವ ಎಂಜಿನ್ ಬೇಕು.

ಹಾಗಾಗಿಯೇ ಪ್ರಪಂಚದಾದ್ಯಂತ ಸ್ನೋ ಬೈಕ್ ಸವಾರರು 450 ಸಿಸಿಯ ಫೋರ್ ಸ್ಟ್ರೋಕ್‌ಗೆ ಬಂದು ನಿಂತಿದ್ದಾರೆ. 50 ಅಶ್ವಶಕ್ತಿ ಮೀರಿದ ಎಂಜಿನ್, 110 ಕಿಲೋ ಆಸುಪಾಸಿನ ಬೈಕ್. ಯಮಹಾ ವೈಝಡ್450ಎಫ್, ಹೋಂಡಾ ಸಿಆರ್‌ಎಫ್450, ಕವಾಸಕಿ ಕೆಎಕ್ಸ್450, ಕೆಟಿಎಂ 450 ಎಸ್‌ಎಕ್ಸ್-ಎಫ್ ಈ ಸಾಲಿನವು. 250 ಸಿಸಿ ಫೋರ್ ಸ್ಟ್ರೋಕ್ ಕೂಡ ಗಟ್ಟಿಹಿಮದಲ್ಲಿ ನಡೆಯುತ್ತದೆ. ಆದರೆ ಆಳದ ಹಿಮದಲ್ಲಿ ಅದನ್ನು ಸದಾ ಕೆಂಪು ಗೆರೆಯ ಹತ್ತಿರ ಕೂಗಿಸಬೇಕಾಗುತ್ತದೆ, ಹಾಗೆ ಕೂಗಿಸಿದ ಎಂಜಿನ್ ಬೇಗ ಸವೆಯುತ್ತದೆ.

ಈಗ ನಮ್ಮ ಭಾಗದ ಪ್ರೀತಿಯ ಜಗಳಕ್ಕೆ ಬರೋಣ: ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ? ಬೆಳಗಾವಿಯಿಂದ ಕೊಲ್ಹಾಪುರದವರೆಗೆ ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಅದು ಮನೆಯ ಮಗ. 98 ಸಿಸಿ, 11 ಅಶ್ವಶಕ್ತಿ, ಹಗುರ ಮೈ. ಹಿಂಡಿದ ಕೂಡಲೇ ಸಿಗುವ ಆ ಪಿಕಪ್ ನನಗೂ ಪ್ರಾಣ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳೂ ಟೂ ಸ್ಟ್ರೋಕ್ ಮೇಲಿನ ಪ್ರೀತಿಯನ್ನು ಕನ್ನಡಿಗರ ರಕ್ತಕ್ಕೇ ಸೇರಿಸಿದವು. ಹಿಮದಲ್ಲೂ ಟೂ ಸ್ಟ್ರೋಕ್‌ಗೆ ತನ್ನದೇ ಗುಣವಿದೆ. ಭಾಗಗಳು ಕಡಿಮೆ, ತೂಕ ಕಡಿಮೆ, ಬಿಚ್ಚಿ ಜೋಡಿಸುವುದು ಸುಲಭ. 300 ಸಿಸಿಯ ಎಂಡ್ಯೂರೊ ಟೂ ಸ್ಟ್ರೋಕ್‌ಗಳನ್ನು ಕಾಡಿನ ಇಕ್ಕಟ್ಟು ದಾರಿಗಳಲ್ಲಿ ಮೆಚ್ಚುವವರು ಇದ್ದಾರೆ.

ಆದರೂ ನಾನು ಫೋರ್ ಸ್ಟ್ರೋಕ್ ಪರ. ಕಾರಣ ಕಾರ್ಬುರೇಟರಿನಿಂದ ಶುರುವಾಗುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳ್ಳಗಾಗಿ ಪೆಟ್ರೋಲ್ ಹೆಚ್ಚಾಗುತ್ತದೆ, ಸಣ್ಣ ಜೆಟ್ ಬೇಕು. ಚಳಿ ಹೆಚ್ಚಿದಂತೆ ಗಾಳಿ ದಟ್ಟವಾಗಿ ಪೆಟ್ರೋಲ್ ಕಡಿಮೆ ಬೀಳುತ್ತದೆ, ದೊಡ್ಡ ಜೆಟ್ ಬೇಕು. ಬೆಳಗ್ಗೆ ಕಣಿವೆಯಲ್ಲಿ ಒಂದು ಅಳತೆ, ಮಧ್ಯಾಹ್ನ ಶಿಖರದಲ್ಲಿ ಇನ್ನೊಂದು, ಸಂಜೆ ಮಗದೊಂದು. ಪೆಟ್ರೋಲ್ ಕಡಿಮೆಯಾದ ಟೂ ಸ್ಟ್ರೋಕ್ ಬಿಸಿಯಾಗಿ, ಪಿಸ್ಟನ್ ಹಿಡಿದು ಸೀಜ್ ಆಗುತ್ತದೆ. ಪೆಟ್ರೋಲಿನ ಜತೆಗೇ ಎಣ್ಣೆಯೂ ಹೋಗುವ ಬೈಕುಗಳಲ್ಲಿ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ ಎಂಬುದು ಇದರ ಮೇಲಿನ ಪೆಟ್ಟು. ಇಂಧನ ಇಂಜೆಕ್ಷನ್ ಇರುವ ಎಂಜಿನ್ ಸೆನ್ಸರ್ ನೋಡಿಕೊಂಡು ತಾನೇ ಸರಿಪಡಿಸಿಕೊಳ್ಳುತ್ತದೆ. ಹಾಗಾಗಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕಾರ್ಬುರೇಟರ್ ಬೈಕನ್ನು ಹಿಮಕ್ಕೆಂದು ಕೊಳ್ಳಬೇಡಿ ಎನ್ನುತ್ತೇನೆ. ಸೆಲ್ಫ್ ಸ್ಟಾರ್ಟ್ ಕೂಡ ಇರಲೇಬೇಕು. ಸೊಂಟದವರೆಗೆ ಹಿಮದಲ್ಲಿ ನಿಂತವನಿಗೆ ಕಿಕ್ ಹೊಡೆಯಲು ಕಾಲೂರುವ ಜಾಗವೇ ಇರುವುದಿಲ್ಲ. ಯಮಹಾ ವೈಝಡ್450ಎಫ್‌ಗೆ ಇಂಜೆಕ್ಷನ್ ಬಂದದ್ದು 2010ರಲ್ಲಿ, ಸೆಲ್ಫ್ ಸ್ಟಾರ್ಟ್ ಬಂದದ್ದು 2018ರಲ್ಲಿ. ಹಳೆಯ ಬೈಕ್ ಹುಡುಕುವವರು ಈ ಎರಡನೆಯ ಇಸವಿಯನ್ನು ಗುರುತು ಹಾಕಿಕೊಳ್ಳಲಿ. ಆ ಎಂಜಿನ್ನಿಗೆ ಗಾಳಿ ಮುಂದುಗಡೆಯಿಂದ ಬರುತ್ತದೆ. ಟ್ರ್ಯಾಕ್ ಎರಚುವ ಹಿಮದಿಂದ ಏರ್ ಬಾಕ್ಸ್ ದೂರ ಇರುವುದು ಇನ್ನೊಂದು ಲಾಭ.

ಹಿಮದಲ್ಲಿ ಎಂಜಿನ್ ಕೆಡುವುದು ಹೆಚ್ಚಾಗಿ ತಣ್ಣಗಾಗಿ ಎಂದರೆ ಬಿಸಿಲುನಾಡಿನ ನಾವು ತಟ್ಟನೆ ನಂಬಲಾರೆವು. ಮೋಟೊಕ್ರಾಸ್ ಬೈಕುಗಳಲ್ಲಿ ಸಾಮಾನ್ಯವಾಗಿ ಥರ್ಮೋಸ್ಟಾಟ್ ಇರುವುದಿಲ್ಲ. ರೇಡಿಯೇಟರಿನಲ್ಲಿ ಹಿಮದಷ್ಟೇ ತಣ್ಣಗಾದ ನೀರು ನೇರ ಸಿಲಿಂಡರಿಗೆ ನುಗ್ಗುತ್ತದೆ. ಒಳಗೆ ಪಿಸ್ಟನ್ ಕಾದು ಹಿಗ್ಗಿರುತ್ತದೆ, ಹೊರಗೆ ಸಿಲಿಂಡರ್ ಕುಗ್ಗುತ್ತದೆ, ನಡುವಿನ ಕೂದಲೆಳೆಯ ಸಂದು ಮಾಯವಾಗುತ್ತದೆ. ಗೀರು ಬೀಳುವುದು ಹೀಗೆ. ತಣ್ಣಗಿನ ಎಂಜಿನ್ನಿನಲ್ಲಿ ಪೂರ್ತಿ ಉರಿಯದ ಪೆಟ್ರೋಲ್ ರಿಂಗುಗಳ ಬದಿಯಿಂದ ಕೆಳಗಿಳಿದು ಎಣ್ಣೆಗೆ ಸೇರಿ ಅದನ್ನು ನೀರಾಗಿಸುತ್ತದೆ. ಉಗಿ ತಂಪಾಗಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಬೈಪಾಸ್ ಕೊಳವೆಯಿರುವ ಥರ್ಮೋಸ್ಟಾಟ್ ಕಿಟ್ ಹಾಕಿಸುವುದು ಹಿಮದ ಬೈಕಿಗೆ ಮಾಡಬೇಕಾದ ಮೊದಲ ಖರ್ಚು. ನೀರು ಮತ್ತು ಗ್ಲೈಕಾಲ್ ಅರ್ಧರ್ಧ ಬೆರೆಸಿದರೆ ಶೂನ್ಯಕ್ಕಿಂತ 35 ಡಿಗ್ರಿ ಕೆಳಗೂ ಹೆಪ್ಪುಗಟ್ಟದು. ಚಳಿಯಲ್ಲಿ ತೆಳ್ಳಗೇ ಇರುವ, 0ಡಬ್ಲ್ಯು ಗುರುತಿನ ಎಣ್ಣೆಯನ್ನು ಬೈಕಿನ ಕೈಪಿಡಿ ಒಪ್ಪಿದರೆ ಬಳಸಬಹುದು. ಎಣ್ಣೆಯನ್ನು ಬೇಗ ಬೇಗ ಬದಲಿಸಬೇಕು, ಇದರಲ್ಲಿ ಜಿಪುಣತನ ಸಲ್ಲದು.

ಪಿಸ್ಟನ್ನಿನ ಸಂದು, ಬೇರಿಂಗಿನ ಚಿಪ್ಪು, ಎರಕದ ಗಟ್ಟಿತನ, ಇವು ಈ ಭಾಗದ ಜನ ಮೂರು ತಲೆಮಾರಿನಿಂದ ಉಣ್ಣುತ್ತಿರುವ ಅನ್ನ. ಸವದತ್ತಿ ಕಡೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, 1910ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ಮನೆತನದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ 1946ರಲ್ಲಿ ಪುಣೆಯಲ್ಲಿ ಶುರುವಾಯಿತು, ಈಗ ಕೊಲ್ಹಾಪುರದ ಪಕ್ಕದ ಕಾಗಲದಲ್ಲೂ ಅದರ ಕಾರ್ಖಾನೆಯಿದೆ. ಶಿರೋಲಿಯಲ್ಲಿ ಮೆನನ್ ಪಿಸ್ಟನ್ಸ್, ಗೋಕುಳ ಶಿರಗಾಂವದಲ್ಲಿ ಮೆನನ್ ಬೇರಿಂಗ್ಸ್. ಸುತ್ತ ನೂರಾರು ಫೌಂಡ್ರಿಗಳು ಬೀಡುಕಬ್ಬಿಣ ಕರಗಿಸಿ ಸಿಲಿಂಡರ್ ಬ್ಲಾಕ್, ಹೆಡ್ ಎರಕ ಹೊಯ್ಯುತ್ತವೆ. ಮಗ್ಗಗಳ ಊರು ಇಚಲಕರಂಜಿಯನ್ನು ಎಲ್ಲರೂ ಸೀರೆ-ಧೋತರಕ್ಕೆ ನೆನೆಯುತ್ತಾರೆ. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೆ ಇನ್ನೊಂದು ನೆನಪೂ ಇರಬೇಕು. ಪ್ರಯೋಗಾಲಯದಲ್ಲಿ ಕಬ್ಬಿಣದ ಸಲಾಕೆಯನ್ನು ಎಳೆದು ತುಂಡರಿಸಿ ಅದರ ಬಲ ಅಳೆಯುವ ದೊಡ್ಡ ಯಂತ್ರದ ಮೇಲೆ ಬರೆದಿರುತ್ತಿದ್ದ ಎಫ್‌ಐಇ ಎಂಬ ಮೂರಕ್ಷರ ಇಚಲಕರಂಜಿಯ ಫ್ಯುಯೆಲ್ ಇನ್‌ಸ್ಟ್ರುಮೆಂಟ್ಸ್ ಆ್ಯಂಡ್ ಎಂಜಿನಿಯರ್ಸ್ ಕಂಪನಿಯದು.

ಈ ಅನುಭವ ಹಿಮದ ಬೈಕಿಗೆ ಎಲ್ಲಿ ಬಳಕೆಗೆ ಬರುತ್ತದೆ? ಕೆಟಿಎಂ ತನ್ನ 450ರ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಗೆ ಸೂಜಿ ರೋಲರ್ ಬಿಟ್ಟು, ಡೀಸೆಲ್ ಎಂಜಿನ್ನಿನಲ್ಲಿರುವಂಥ ಚಿಪ್ಪಿನ ಬೇರಿಂಗ್ ಬಳಸಿತು. ಕ್ರ್ಯಾಂಕ್ ಬಿಚ್ಚಿ ನೋಡುವ ಅವಧಿಯನ್ನು 100 ಗಂಟೆಗೆ ಇಟ್ಟಿತು. ಟ್ರ್ಯಾಕ್ಟರ್, ಲಾರಿಗಳ ಚಿಪ್ಪು ಬೇರಿಂಗನ್ನು ದಿನವೂ ನೋಡುವ ಕೊಲ್ಹಾಪುರದ ಕೆಲಸಗಾರನಿಗೆ ಇದರ ಮರ್ಮ ವಿವರಿಸಬೇಕಿಲ್ಲ: ಶುದ್ಧ ಎಣ್ಣೆ, ಸಾಕಷ್ಟು ಒತ್ತಡ, ಇವೆರಡೂ ಇದ್ದರೆ ಅದು ಬಾಳುತ್ತದೆ. ಹಿಮದಲ್ಲಿ ಪೆಟ್ರೋಲ್ ಬೆರೆತು ತೆಳುವಾದ ಎಣ್ಣೆ ಯಾವ ಭಾಗವನ್ನು ಮೊದಲು ಕೊಲ್ಲುತ್ತದೆ ಎಂಬುದೂ ಅವನಿಗೆ ಗೊತ್ತು.

ಒಂದೇ 450 ಸಿಸಿಯಲ್ಲೂ ಜಾತಿಗಳಿವೆ, ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿ. ಮೋಟೊಕ್ರಾಸ್ ಎಂಜಿನ್ ಅರ್ಧ ಗಂಟೆಯ ಪಂದ್ಯಕ್ಕೆಂದು ಹುರಿಗೊಳಿಸಿದ್ದು. ಕಿಲೋಮೀಟರ್ ಲೆಕ್ಕ ಅದಕ್ಕಿಲ್ಲ, ಗಂಟೆಗಳ ಲೆಕ್ಕದಲ್ಲಿ ಪಿಸ್ಟನ್ ಬದಲಿಸುತ್ತಾರೆ. ಡಕಾರ್ ರ‍್ಯಾಲಿಯಲ್ಲೂ 2011ರಿಂದ 450 ಸಿಸಿಯೇ ಮಿತಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಕೆಟಿಎಂ 450 ಏರಿ 36ನೇ ಸ್ಥಾನ ಪಡೆದು, ಡಕಾರ್ ಮುಗಿಸಿದ ಮೊದಲ ಭಾರತೀಯರಾದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಶೆರ್ಕೊ ಟಿವಿಎಸ್ 450ರಲ್ಲಿ 37ನೆಯವರಾಗಿ ಮುಗಿಸಿದರು. ಮರಳಿನಲ್ಲಿ ಸಾವಿರಾರು ಕಿಲೋಮೀಟರ್ ಎಳೆಯುವ ಆ ಎಂಜಿನ್ನುಗಳಿಗೆ ತುದಿಯ ಶಕ್ತಿಗಿಂತ ಬಾಳಿಕೆ ಮುಖ್ಯವಾಗಿತ್ತು. ಹಿಮದ ದೂರ ಪಯಣಕ್ಕೂ ಅದೇ ಗುಣ ಬೇಕು. ಕೈಯಲ್ಲಿ ಹಣವಿದ್ದರೆ ಕೆಟಿಎಂ 500 ಇಎಕ್ಸ್‌ಸಿ-ಎಫ್‌ನಂಥ ಎಂಡ್ಯೂರೊ ಎಂಜಿನ್ ನನ್ನ ಮೊದಲ ಆಯ್ಕೆ. ಕೆಳಗಿನ ಸುತ್ತುಗಳಲ್ಲೇ ಗಟ್ಟಿ ಎಳೆತ, ಸೌಮ್ಯ ಕ್ಯಾಮ್, ಹರವಾದ ಗೇರುಗಳು. ಟರ್ಬೊ ಹಾಕಿಸುವ ಆಸೆ ಹಲವರಿಗೆ. ಎತ್ತರದ ನಷ್ಟ ತುಂಬುತ್ತದೆ ನಿಜ, ಕೆಡುವ ಹೊಸ ಜಾಗಗಳನ್ನೂ ತಂದಿಡುತ್ತದೆ. ದುರಸ್ತಿಗೆ ಸಾವಿರಾರು ಕಿಲೋಮೀಟರ್ ಹಿಂದಕ್ಕೆ ಬರಬೇಕಾದ ನಮ್ಮಂಥವರಿಗೆ ಅದು ಬೇಡ.

ಇರುವ ಗಾಡಿಗೇ ಕಿಟ್ ಹಾಕಬಾರದೇ? ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರ 452 ಸಿಸಿ ಎಂಜಿನ್ 40 ಅಶ್ವಶಕ್ತಿ ಕೊಡುತ್ತದೆ, ತಾಳಿಕೆಯೂ ಇದೆ. ಆದರೆ ಬೈಕಿನ ತೂಕ 196 ಕಿಲೋ, ಪುಡಿಹಿಮದಲ್ಲಿ ಹೂತುಹೋಗುತ್ತದೆ. ಲಡಾಖಿನ ರಸ್ತೆಗೆ ಅದು ಸರಿಯಾದ ಗಾಡಿ, ಟ್ರ್ಯಾಕಿಗೆ ಅಲ್ಲ. ಹೀರೊ ಎಕ್ಸ್‌ಪಲ್ಸ್ 200ರ 19 ಅಶ್ವಶಕ್ತಿ ಟ್ರ್ಯಾಕ್ ತಿರುಗಿಸುವುದರಲ್ಲೇ ಮುಗಿದೀತು. ಅದರ ಜಾಗ ಬೇರೆ: ಕಲಿಕೆ. ಮಳೆಗಾಲದಲ್ಲಿ ಗಡಹಿಂಗ್ಲಜದಿಂದ ಆಜರಾ ದಾಟಿ ಆಂಬೋಲಿ ಘಟ್ಟದವರೆಗೆ ಸಿಗುವ ಕೆಸರು ದಾರಿಗಳಲ್ಲಿ ಕ್ಲಚ್ ಸುಡದೆ, ಒಂದೇ ಸಮ ಎಳೆಯುವುದನ್ನು ಕಲಿತವನಿಗೆ ಹಿಮ ಪೂರ್ತಿ ಹೊಸದಾಗಿರದು.

ನಮ್ಮ ದೇಶದಲ್ಲಿ ಕವಾಸಕಿ ಕೆಎಕ್ಸ್450 ಮಾರಾಟಕ್ಕಿದೆ, ಕೆಟಿಎಂ ಕೂಡ ತನ್ನ ದೊಡ್ಡ ಡರ್ಟ್ ಬೈಕುಗಳನ್ನು ತಂದಿದೆ. ಪಂದ್ಯದ ಈ ಬೈಕುಗಳಿಗೆ ರಸ್ತೆ ನೋಂದಣಿ ಸಿಗದು. ಮನಾಲಿಯವರೆಗೆ ಟೆಂಪೊದಲ್ಲೇ ಸಾಗಿಸಬೇಕು. ಹೊಸದನ್ನು ಕೊಳ್ಳುವಾಗಲೇ ಒಂದು ಪಿಸ್ಟನ್ ಸೆಟ್, ಗ್ಯಾಸ್ಕೆಟ್, ಕ್ಲಚ್ ಪ್ಲೇಟ್, ವಾಟರ್ ಪಂಪ್ ಸೀಲ್ ಜತೆಗೆ ತರಿಸಿಕೊಳ್ಳಿ. ಹಳೆಯದಾದರೆ ಅವರ್ ಮೀಟರ್ ಓದಿ, ಅದರ ಮೇಲೆ ಪೂರ್ತಿ ಭರವಸೆ ಇಡದೆ ಕಂಪ್ರೆಷನ್ ನೋಡಿಸಿ, ವಾಲ್ವ್ ಸಂದು ಅಳೆಸಿ, ಎಣ್ಣೆ ಇಳಿಸಿ ಅದರಲ್ಲಿ ಲೋಹದ ಮಿಣುಕು ಇದೆಯೇ ಪರೀಕ್ಷಿಸಿ. ಆಮೇಲೂ ಅನುಮಾನ ಉಳಿದರೆ ಹೆಡ್ ಬಿಚ್ಚಿಸಿ, ಬೋರ್ ಅಳೆಸಿದ ನಂತರವೇ ಮುಂಗಡ ಕೊಡಿ.