ಎತ್ತಿಗೆ ಜ್ವರ, ಎಮ್ಮೆಗೆ ಬರೆ

2024ರ ಮಾರ್ಚ್ 17. ಏಪೆಕ್ಸ್ ಲೆಜೆಂಡ್ಸ್ ಆಟದ ಉತ್ತರ ಅಮೆರಿಕ ಫೈನಲ್ಸ್ ನೇರ ಪ್ರಸಾರವಾಗುತ್ತಿತ್ತು. ಇದ್ದಕ್ಕಿದ್ದಂತೆ ಜೆನ್‌ಬರ್ಟನ್ ಎಂಬ ಆಟಗಾರನ ಪರದೆಯ ಮೇಲೆ ಚೀಟ್ ಮೆನುವೊಂದು ತೆರೆದುಕೊಂಡಿತು. ಗೋಡೆಯಾಚೆ ಅಡಗಿದ್ದ ಎದುರಾಳಿಗಳೆಲ್ಲ ಅವನಿಗೆ ಕಾಣತೊಡಗಿದರು. ಸಂಜಯನಿಗೂ ಇಷ್ಟು ಸಲೀಸಾಗಿ ದಿವ್ಯದೃಷ್ಟಿ ಸಿಕ್ಕಿರಲಿಲ್ಲ! ಗಾಬರಿಬಿದ್ದ ಆತ ಪಂದ್ಯ ಬಿಟ್ಟು ಹೊರಬಂದ. ಆಮೇಲೆ ಇಂಪೀರಿಯಲ್‌ಹಾಲ್ ಎಂಬ ಇನ್ನೊಬ್ಬ ಆಟಗಾರನ ಸರದಿ. ಅವನ ಬಂದೂಕಿಗೆ ಯಾರೋ ಏಮ್‌ಬಾಟ್ ಅಂಟಿಸಿದ್ದರು. ಗುರಿ ತಾನಾಗಿ ಕೂರುತ್ತಿತ್ತು. ಟೂರ್ನಿಯನ್ನೇ ಮುಂದೂಡಬೇಕಾಯಿತು. ಬರೀ ಮೋಜಿಗೆ ಮಾಡಿದ್ದು ಎಂದು ಡೆಸ್ಟ್ರಾಯರ್2009 ಎಂಬ ಹೆಸರಿನ ಹ್ಯಾಕರ್ ಆನಂತರ ಹೇಳಿಕೊಂಡ.

ಇಷ್ಟೆಲ್ಲ ನಡೆದದ್ದು ವಿಂಡೋಸ್ ಯಂತ್ರಗಳಲ್ಲಿ. ಆದರೆ ಅದೇ ವರ್ಷ ಅಕ್ಟೋಬರ್ 31ರಂದು ಆಟದ ತಯಾರಕ ರೆಸ್ಪಾನ್ ಸಂಸ್ಥೆ ಬಾಗಿಲು ಹಾಕಿದ್ದು ಲಿನಕ್ಸ್ ಆಟಗಾರರಿಗೆ. ಎರಡಕ್ಕೂ ನೇರ ನಂಟಿದೆ ಎನ್ನಲಾರೆ. ಗಾದೆ ಮಾತ್ರ ನೆನಪಾಗದೆ ಇರದು.

ಲಿನಕ್ಸ್‌ನಲ್ಲಿ ಚೀಟ್ ಹಿಡಿಯುವುದು ಕಷ್ಟ ಎಂಬ ಸಂಸ್ಥೆಯ ವಾದ ಪೂರ್ತಿ ಪೊಳ್ಳೂ ಅಲ್ಲ. ವಿಂಡೋಸ್‌ನಲ್ಲಿ ಆಂಟಿ-ಚೀಟ್ ಎಂಬ ಕಾವಲುಗಾರ ಕರ್ನಲ್‌ಗೇ, ಅಂದರೆ ಗರ್ಭಗುಡಿಗೇ ನುಗ್ಗಿ ಕೂರುತ್ತಾನೆ. ಲಿನಕ್ಸ್‌ನಲ್ಲಿ ಅವನ ಜಾಗ ಹೊರಜಗಲಿ. ಕರ್ನಲ್ಲನ್ನೇ ಬಳಕೆದಾರ ತನಗೆ ಬೇಕಾದಂತೆ ತಿದ್ದಿ ಕಟ್ಟಿಕೊಂಡಿದ್ದರೆ ಜಗಲಿಯಲ್ಲಿದ್ದವನಿಗೆ ಏನು ಗೊತ್ತಾದೀತು? ವಾಲ್ವ್ ಕಂಪನಿಯ ಆಟದ ಕೈಯಂತ್ರ ಸ್ಟೀಮ್ ಡೆಕ್ ಓಡುವುದೂ ಲಿನಕ್ಸ್ ಮೇಲೆಯೇ. ಅಸಲಿ ಡೆಕ್ ಯಾವುದು, ಡೆಕ್ ವೇಷ ಹಾಕಿದ ಚೀಟ್ ಯಾವುದು ಎಂದು ಖಚಿತವಾಗಿ ಹೇಳಲಾಗದು ಎಂದಿತು ರೆಸ್ಪಾನ್. ಹೀಗಾಗಿ ಡೆಕ್‌ಗೂ ಕತ್ತರಿ ಬಿತ್ತು.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಶುರುವಾದದ್ದು 1993ರಲ್ಲಿ. ಒಂದು ಆಟ ತೆರೆದುಕೊಳ್ಳಲೆಂದು ವೈನ್ ಜೊತೆ ರಾತ್ರಿಯಿಡೀ ಗುದ್ದಾಡಿ, ಕೊನೆಗೆ ಕಪ್ಪು ಪರದೆ ನೋಡಿಕೊಂಡೇ ಮಲಗಿದವರಲ್ಲಿ ನಾನೂ ಒಬ್ಬ. 2018ರಲ್ಲಿ ವಾಲ್ವ್ ವೈನ್ ಮೇಲೆ ಪ್ರೋಟಾನ್ ಕಟ್ಟಿತು. 2021ರಲ್ಲಿ ಏಪೆಕ್ಸ್ ಕಾಯುವ ಈಸಿ ಆಂಟಿ-ಚೀಟ್ ಕೂಡ ಪ್ರೋಟಾನ್‌ಗೆ ಒಗ್ಗಿಕೊಂಡಿತು. ಮರುವರ್ಷ ಡೆಕ್ ಬಂತು, ಏಪೆಕ್ಸ್ ಸಲೀಸಾಗಿ ಓಡಿತು. ಮೂರು ದಶಕ ಕಾದದ್ದಕ್ಕೆ ಸಿಕ್ಕ ಸುಖ ಮೂರು ವರ್ಷವೂ ಬಾಳಲಿಲ್ಲ.

2024 ನಮಗೆ ಕೆಟ್ಟ ವರ್ಷ. ಮೇ ತಿಂಗಳಲ್ಲಿ ಲೀಗ್ ಆಫ್ ಲೆಜೆಂಡ್ಸ್ ಆಟಕ್ಕೆ ವ್ಯಾನ್‌ಗಾರ್ಡ್ ಎಂಬ ಆಂಟಿ-ಚೀಟ್ ಬಂತು, ಸೆಪ್ಟೆಂಬರ್‌ನಲ್ಲಿ ಜಿಟಿಎ ಆನ್‌ಲೈನ್‌ಗೆ ಬ್ಯಾಟಲ್‌ಐ ಎಂಬ ಇನ್ನೊಂದು. ಎರಡು ಕಡೆಯೂ ಲಿನಕ್ಸ್‌ನವರು ಹೊರಗೆ.

ಡೆಕ್ ಇದ್ದವರಿಗೆ ಏಪೆಕ್ಸ್ ಬೇಕೇ ಬೇಕೆಂದರೆ ಒಂದು ದಾರಿಯಿದೆ: ಅದರ ಮೇಲೆ ವಿಂಡೋಸ್ ಹಾಕಿಕೊಳ್ಳುವುದು.